ಇಸ್ತ್ರಿ ಅಕ್ಕ

ಅಕ್ಕ ಬೇಸ್ ಗಿಟಾರ್ ಹಿಡಿದದ್ದು ಬರೀ ಹಟಕ್ಕೆ.

ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹುಡುಗರು ಸೇರಿಕೊಂಡು ಪಂಕ್ ರಾಕ್ ಬ್ಯಾಂಡು ಕಟ್ಟಲು ಹೊರಟಿದ್ದರು. ಅವಳ ಒಡಹುಟ್ಟಿದ ತಮ್ಮ ಡ್ರಮ್ಸ್ ಮುಂದೆ ಕೂತಿದ್ದ. ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದ ಒಬ್ಬ, ಅಡ್ಡಹೆಸರೂ ಕಡ್ಡಿ ಎಂದೇ, ಗಿಟಾರ್ ನುಡಿಸುತ್ತಿದ್ದ. ಹಾಡುವವನ ಗಂಟಲು ಎಣ್ಣೆ ಕಾಣದ ಗೇಟಿನ ಹಾಗಿತ್ತು. ಅವನನ್ನು ಎಲ್ಲರೂ ಗೊಗ್ಗರ ಎನ್ನುತ್ತಿದ್ದರು. ಬೇಸ್ ಮಾತ್ರ ಯಾರಿಗೂ ಬೇಕಿರಲಿಲ್ಲ. ನಾಲ್ಕೇ ನಾಲ್ಕು ದಪ್ಪ ತಂತಿ, ಹೆಣಭಾರ. ಅದು ನುಡಿಯುತ್ತಿದೆ ಎಂದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ನಿಂತುಹೋದರೆ ಮಾತ್ರ ಹಾಡಿನ ನೆಲ ಕುಸಿದಂತಾಗುತ್ತದೆ. ತಮ್ಮನಿಗೆ ಊಟದ ಡಬ್ಬಿ ಕೊಡಲು ಬಂದಿದ್ದ ಅಕ್ಕ ಮೂಲೆಗೊರಗಿಸಿದ್ದ ಆ ಗಿಟಾರನ್ನು ಸುಮ್ಮನೆ ಮುಟ್ಟಿ ನೋಡಿದಳು.

“ಬಿಡಮ್ಮ, ಅದು ಹೆಣ್ಮಕ್ಕಳ ಕೈಗೆ ಬಗ್ಗೋದಲ್ಲ,” ಎಂದ ಗೊಗ್ಗರ.

“ನೋಡೋಣ ಬಿಡು, ಯಾರು ಯಾರನ್ನ ಬಗ್ಗಿಸ್ತಾರೆ ಅಂತ,” ಎಂದವಳೇ ಅದನ್ನು ಹೆಗಲಿಗೇರಿಸಿಕೊಂಡು ಮನೆಗೆ ಹೊತ್ತೊಯ್ದಳು.

ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಕ್ಕನೂ ಅಲ್ಲೇ ಗುಂಡಿ ಹಚ್ಚುವ ಸಾಲಿನಲ್ಲಿ ಕೂರುತ್ತಿದ್ದಳು. ಒಂದು ತಿಂಗಳು ಗಿಟಾರ್ ಜೊತೆ ಗುದ್ದಾಡಿ ಅವಳ ಬೆರಳ ತುದಿಯ ಚರ್ಮವೆಲ್ಲ ಸುಲಿದು ಹೋದಾಗ, ಅಮ್ಮ ನೀಲಿ ಬಟ್ಟೆಯ ಚೂರು ಸುತ್ತಿ ಕಟ್ಟುತ್ತ ಬೈದಳು. “ಈ ಕೈಯಿಟ್ಟುಕೊಂಡು ನಾಳೆ ಗುಂಡಿ ಹೇಗೆ ಹಚ್ತೀಯ? ನಿನಗೇನು ಬಂದಿದೆ ಕೇಡು?” ಬೈದು ಮುಗಿದ ಮೇಲೆ ದನಿ ಇಳಿಸಿ, “ಹೋಗೋದಾದ್ರೆ ಹೋಗು. ಅವನ ಮೇಲೆ ಒಂದು ಕಣ್ಣಿಟ್ಟಿರು. ಅವನದು ಅಪ್ಪನ ಥರಾನೇ ಹುಚ್ಚು ಅವಸರ,” ಎಂದಳು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅವನ ವಿಷಯದಲ್ಲಿ ಅಮ್ಮನ ಕರುಳು ಒಂದು ಗಂಟು ಹೆಚ್ಚೇ ಬಿಗಿದಿತ್ತು.

ಬ್ಯಾಂಡಿಗೆ ‘ತುಕ್ಕು’ ಎಂದು ಹೆಸರಿಟ್ಟರು. ತಮ್ಮ ಅಕ್ಕಾ ಅಕ್ಕಾ ಎಂದು ಕೂಗುತ್ತಿದ್ದುದರಿಂದ ಉಳಿದವರಿಗೂ ಅವಳು ಅಕ್ಕನೇ ಆದಳು. ಆಮೇಲೆ ಪೋಸ್ಟರಿನಲ್ಲೂ ಅದೇ ಬಂತು. ಮೂರು ವರ್ಷ ನೆಲಮಾಳಿಗೆ, ಕಾಲೇಜಿನ ಕ್ಯಾಂಟೀನು, ಮುಚ್ಚಿದ ಗೋದಾಮು ಎಂದು ಸಿಕ್ಕಸಿಕ್ಕಲ್ಲಿ ನುಡಿಸಿದರು. ಹಾಡುಗಳೆಲ್ಲ ಎರಡು ನಿಮಿಷದವು, ಎಲ್ಲವೂ ಯಾರನ್ನೋ ಬೈಯುವಂಥವು: ಮನೆ ಮಾಲೀಕನನ್ನು, ಮೇಸ್ತ್ರಿಯನ್ನು, ಹಾಜರಿ ಪುಸ್ತಕವನ್ನು. ಬಾಗಿಲ ಹೊರಗೂ ಜನ ನಿಲ್ಲತೊಡಗಿದರು. ಅವರನ್ನು ಹುಚ್ಚೆಬ್ಬಿಸುತ್ತಿದ್ದವನು ತಮ್ಮನೇ. ಅವನು ಡ್ರಮ್ಸ್ ಬಾರಿಸಿದರೆ ಯಾರೋ ಮೆಟ್ಟಿಲ ಮೇಲಿಂದ ಧಡಧಡ ಇಳಿದು ಬಂದ ಹಾಗೆ. ಒಂದು ವೇಗದಲ್ಲಿ ಶುರುವಾದ ಹಾಡು ಮುಗಿಯುವಷ್ಟರಲ್ಲಿ ಇನ್ನೆಲ್ಲೋ ಹೋಗಿರುತ್ತಿತ್ತು. ಅವನು ಓಡಿದರೆ ಅಕ್ಕ ಬೇಸ್ ಹಿಡಿದು ಹಿಂದೆಯೇ ಓಡುತ್ತಿದ್ದಳು. ಅವನ ಭುಜ ಮೇಲೇಳುವುದನ್ನು ನೋಡಿಯೇ ಇವನು ಈಗ ಎಗರುತ್ತಾನೆ ಎಂದು ಅವಳಿಗೆ ತಿಳಿಯುತ್ತಿತ್ತು. ವೇದಿಕೆಯ ಮೇಲೆ ಅದೆಲ್ಲ ಚೆಂದವೇ ಇತ್ತು.

ಚೆಂದ ಕೆಟ್ಟದ್ದು ಸ್ಟುಡಿಯೋದಲ್ಲಿ.

ಒಂದು ರೆಕಾರ್ಡ್ ಕಂಪನಿ ಇವರಿಗೆ ಐದು ದಿನ ಸ್ಟುಡಿಯೋ ಕೊಡಿಸಿತು. ಸ್ಟುಡಿಯೋದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಮುದುಕನನ್ನು ಎಲ್ಲರೂ ಟೇಪಜ್ಜ ಎನ್ನುತ್ತಿದ್ದರು. ಅಜ್ಜ ಮಾತು ಕಡಿಮೆ, ಕೆಮ್ಮು ಜಾಸ್ತಿ. ಹುಡುಗರು ಹೊರಗೆ ಸಿಗರೇಟು ಸೇದುತ್ತಿದ್ದರೆ ಅಕ್ಕ ಅವನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಯಾವ ಗುಂಡಿ ತಿರುಗಿಸಿದರೆ ಯಾವ ದನಿ ಎಲ್ಲಿಗೆ ಸರಿಯುತ್ತದೆಂದು ನೋಡುತ್ತಿದ್ದಳು. ಮೊದಲು ಡ್ರಮ್ಸ್ ಮತ್ತು ಬೇಸ್, ಅದರ ಮೇಲೆ ಗಿಟಾರ್, ಕೊನೆಗೆ ದನಿ ಎಂದು ಒಂದೊಂದನ್ನೇ ಮುದ್ರಿಸುವುದು ಅಲ್ಲಿನ ಕ್ರಮ. ಮೂರನೇ ದಿನಕ್ಕೆ ಡ್ರಮ್ಸ್ ಮತ್ತು ಬೇಸ್ ಮುಗಿದವು. ತಮ್ಮ ತನ್ನ ಪಾಲಿನ ಕೆಲಸ ಆಯಿತೆಂದು ಸ್ನೇಹಿತರ ಬೆನ್ನು ತಟ್ಟಿ, ತಾನು ಕೆಲಸಕ್ಕಿದ್ದ ಗೋದಾಮಿನ ಪಾಳಿಗೆ ಹೊರಟುಹೋದ.

ಅವನ ಹಿಂದೆಯೇ ಕಡ್ಡಿ, ಗೊಗ್ಗರ ಇಬ್ಬರೂ ಹೋದ ಮೇಲೆ ಕಂಪನಿಯವನು ಬಂದು ಟೇಪ್ ಕೇಳಿದ. ಕಾಲ ಮೇಲೆ ಕಾಲು ಹಾಕಿ ಎರಡು ಹಾಡು ಕೇಳಿದವನು ಮೂರನೆಯದಕ್ಕೆ ಕೈ ಎತ್ತಿದ.

“ಡ್ರಮ್ಸ್ ಬಾರಿಸ್ತಿದಾನೋ, ಬಸ್ ಹಿಡಿಯೋಕೆ ಓಡ್ತಿದಾನೋ? ಇದನ್ನ ನಾನು ರೆಕಾರ್ಡ್ ಅಂತ ಹೊರಗೆ ತರೋಕಾಗಲ್ಲ. ಬೇರೆಯವನನ್ನ ಕೂರಿಸಿ, ಇಲ್ಲಾಂದ್ರೆ ಇಲ್ಲಿಗೇ ಬಿಡಿ.”

ಅಕ್ಕ ಟೇಪಜ್ಜನ ಮುಖ ನೋಡಿದಳು. ಅಜ್ಜ ಕನ್ನಡಕ ಒರೆಸುತ್ತ, “ಅವನು ಹೇಳೋದು ಸುಳ್ಳಲ್ಲಮ್ಮ,” ಎಂದಷ್ಟೇ ಹೇಳಿದ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದದ್ದೇ ಅವಳ ಮೇಲೆ ಕೂತ ಶನಿ. ವೇದಿಕೆಯ ಮೇಲೆ ಮೈಯೆಲ್ಲ ಕಿವಿಯಾಗಿ ತಮ್ಮನ ಹಿಂದೆ ಓಡಿದವಳಿಗೆ, ಈ ಗಾಜಿನ ಕೋಣೆಯಲ್ಲಿ ಕೂತು ಕೇಳಿದರೆ ಅವನ ಪ್ರತಿ ಎಡವಟ್ಟೂ ಬರಿಗಾಲಿಗೆ ಕಲ್ಲು ಚುಚ್ಚಿದಂತೆ ಕೇಳುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಅಜ್ಜ ಒಬ್ಬನನ್ನು ಕರೆಸಿದ. ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ ದಿನಾ ಮಧ್ಯಾಹ್ನ ಮೆಲುದನಿಯ ಹಾಡುಗಳಿಗೆ ಡ್ರಮ್ಸ್ ಬಾರಿಸುವವನು. ನಡುವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕರವಸ್ತ್ರ. ತಮ್ಮನ ಡ್ರಮ್ಸ್ ಮುಂದೆ ಕೂತು, ಸ್ಟೂಲಿನ ಎತ್ತರ ಸರಿಮಾಡಿಕೊಂಡು, ಒಂದೊಂದು ಹಾಡನ್ನು ಒಂದೊಂದು ಸಲ ಕೇಳಿದ. “ಆಯ್ತಮ್ಮ, ನೀವು ಹೇಳಿದ್ರೆ ಶುರು,” ಎಂದ. ಊಟದ ಹೊತ್ತಿಗೆ ಹನ್ನೊಂದು ಹಾಡೂ ಮುಗಿದವು. ಗೆರೆ ಎಳೆದ ಹಾಗೆ ನೇರ, ಆದರೂ ಗುದ್ದಿದರೆ ಗೋಡೆ ಬೀಳುವಂಥ ಗುದ್ದು. ಅಕ್ಕ ಎದುರಿಗೆ ನಿಂತು ಬೇಸ್ ನುಡಿಸಿದಳು. ಯಾರ ಹಿಂದೆಯೂ ಓಡಬೇಕಾಗದೆ ನುಡಿಸಿದ್ದು ಅದೇ ಮೊದಲು. ನಾಚಿಕೆಯ ಮಾತು, ಆದರೆ ಆ ಬೆಳಿಗ್ಗೆ ಅವಳಿಗೆ ಆದಷ್ಟು ಸುಖ ಮತ್ತೆಂದೂ ಆಗಲಿಲ್ಲ.

ಹೊಸ ಟೇಪ್ ಇರಲಿಲ್ಲ. ತಮ್ಮ ಬಾರಿಸಿದ್ದರ ಮೇಲೆಯೇ ಎಲ್ಲವನ್ನೂ ಮುದ್ರಿಸಿದರು.

ಹೋಟೆಲಿನವನು ಕೈ ಒರೆಸಿಕೊಂಡು, ಮಧ್ಯಾಹ್ನದ ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದ. ಮರುದಿನ ಗಿಟಾರ್ ಸೇರಿಸಲು ಬಂದ ಕಡ್ಡಿ, ಹಾಡು ಶುರುವಾದ ಕೂಡಲೇ ತಲೆಯೆತ್ತಿ ಅಕ್ಕನ ಕಡೆ ನೋಡಿದ. “ಸ್ವಲ್ಪ ಸರಿಮಾಡಿದೀವಿ,” ಎಂದಳು ಅಕ್ಕ. ಕಡ್ಡಿ ತಲೆ ತಗ್ಗಿಸಿ ಗಿಟಾರಿನ ತಂತಿ ಬಿಗಿದುಕೊಂಡ. ಗೊಗ್ಗರನಿಗೆ ತನ್ನ ದನಿಯೊಂದು ಕೇಳಿದರೆ ಸಾಕು, ಮಿಕ್ಕದ್ದರ ಗೊಡವೆಯೇ ಇರಲಿಲ್ಲ.

ಆ ರೆಕಾರ್ಡು, ಅದಕ್ಕೆ ‘ಮೊಳೆ’ ಎಂದು ಹೆಸರು, ಯಾರೂ ಎಣಿಸದಷ್ಟು ದೂರ ಹೋಯಿತು. ಹೊದಿಕೆಯ ಹಿಂದೆ ನಾಲ್ವರ ಹೆಸರಿತ್ತು. ರೆಕಾರ್ಡಿಂಗ್ ನಡೆಸಿಕೊಟ್ಟ ಪ್ರೊಡ್ಯೂಸರ್ ಎಂಬಲ್ಲಿ ಟೇಪಜ್ಜ ತನ್ನ ಬದಲು ಅಕ್ಕನ ಹೆಸರು ಹಾಕಿಸಿದ್ದ. ಮೊದಲ ಪ್ರತಿ ಕೈಗೆ ಬಂದ ಭಾನುವಾರ ಅಮ್ಮನ ಮನೆಯಲ್ಲಿ ಎಲ್ಲರೂ ಸೇರಿ ಕೇಳಿದರು. ತಮ್ಮ ನೆಲದ ಮೇಲೆ ಕೂತು, ತಲೆ ತಗ್ಗಿಸಿ, ಎರಡೂ ಬದಿ ಪೂರ್ತಿ ಕೇಳಿದ. ಅಕ್ಕ ಅವನನ್ನೇ ನೋಡುತ್ತ ಕೂತಿದ್ದಳು. ಮುಗಿದ ಮೇಲೆ ಅವನು, “ಚೆನ್ನಾಗಿ ಬಂದಿದೆ,” ಎಂದು ಎದ್ದು, ಹಾಲು ತರುತ್ತೇನೆಂದು ಹೊರಗೆ ಹೋದ. ಗೊತ್ತಾಗಲಿಲ್ಲ ಅವನಿಗೆ, ಎಂದುಕೊಂಡಳು ಅಕ್ಕ. ಎದೆಯ ಮೇಲಿನ ಕಲ್ಲು ಇಳಿಯಿತು. ಆಮೇಲೆ ಹೇಳಿದರಾಯಿತು, ಅವಸರವೇನು ಎಂದೂ ಅಂದುಕೊಂಡಳು.

ಆ ಆಮೇಲೆ ಬರಲೇ ಇಲ್ಲ. ತಮ್ಮ ದಿನಾ ಪಾಳಿ ಮುಗಿಸಿ ಬಂದು ಶೆಡ್ಡಿನಲ್ಲಿ ನಾಲ್ಕು ನಾಲ್ಕು ಗಂಟೆ ಅಭ್ಯಾಸ ಮಾಡತೊಡಗಿದ. ಆರು ತಿಂಗಳಲ್ಲಿ ಅವನ ಕೈಗೆ ಹಿಡಿತ ಬಂತು. ವೇದಿಕೆಯ ಮೇಲೂ ಹಾಡುಗಳು ರೆಕಾರ್ಡಿನ ಹಾಗೆಯೇ ಕೇಳತೊಡಗಿದವು. ನೋಡು, ಹುಡುಗ ತಾನಾಗಿ ದಾರಿಗೆ ಬಂದ ಎಂದು ಅಕ್ಕ ಹಿಗ್ಗಿದಳು. ಎರಡನೇ ವರ್ಷ ಅವನ ಬಲಗೈ ಮಣಿಕಟ್ಟು ಊದಿಕೊಂಡಿತು. ಮೊದಲು ಬಟ್ಟೆ ಸುತ್ತಿ ಬಾರಿಸಿದ, ಆಮೇಲೆ ಸೂಜಿ ಚುಚ್ಚಿಸಿಕೊಂಡು ಬಾರಿಸಿದ. ಒಂದು ದಿನ ಹಾಡಿನ ನಡುವೆಯೇ ಕೋಲು ಕೈಜಾರಿ ಬಿತ್ತು. ಮಣಿಕಟ್ಟು ಕುಯ್ದು ಸರಿಮಾಡಿದ ವೈದ್ಯರು, ಇನ್ನು ಇದರ ಸಹವಾಸ ಸಾಕು ಎಂದರು. ಬ್ಯಾಂಡಿಗೆ ಬೇರೆ ಡ್ರಮ್ಮರ್ ಬಂದ. ಸಂದರ್ಶನಗಳಲ್ಲಿ ಯಾರಾದರೂ ಕೇಳಿದರೆ ಅಕ್ಕ, “ಅವನ ಕೈ ಮೊದಲಿಂದ ಸ್ವಲ್ಪ ಸೂಕ್ಷ್ಮ,” ಎನ್ನುತ್ತಿದ್ದಳು.

ಮತ್ತೆರಡು ರೆಕಾರ್ಡಿನ ನಂತರ ತುಕ್ಕು ಒಡೆಯಿತು. ಗೊಗ್ಗರ ವ್ಯಾನಿನಲ್ಲಿ ಕೂತು, ಜನ ಬರುವುದು ತನ್ನ ಮುಖ ನೋಡಲಿಕ್ಕೇ ಹೊರತು ಬೇಸ್ ನುಡಿಸುವವಳನ್ನು ನೋಡಲಿಕ್ಕಲ್ಲ ಎಂದ. ಹಾಗಾದರೆ ನಿನ್ನ ಮುಖವನ್ನೇ ನುಡಿಸಿಕೋ ಎಂದು ಅಕ್ಕ ಮುಂದಿನ ಪೆಟ್ರೋಲ್ ಬಂಕಿನಲ್ಲಿ ಬೇಸ್ ಸಮೇತ ಇಳಿದುಬಿಟ್ಟಳು. ಅಲ್ಲಿಂದಾಚೆಗೆ ಅವಳು ಪೂರ್ತಿ ಪ್ರೊಡ್ಯೂಸರ್ ಆದಳು. ಮುಚ್ಚಿಹೋದ ಫೋಟೋ ಸ್ಟುಡಿಯೋ ಒಂದನ್ನು ಹಿಡಿದು, ಗೋಡೆಗೆ ಕಂಬಳಿ ಹೊಡೆದು, ಕಿಟಕಿಗೆ ಇಟ್ಟಿಗೆ ಕಟ್ಟಿಸಿ, ಹಗಲೂ ಕತ್ತಲಿರುವ ಆ ಕೋಣೆಯಲ್ಲಿ ಬದುಕು ಸವೆಸಿದಳು. ಎಂಥ ಒರಟು ಬ್ಯಾಂಡು ಬರಲಿ, ಅವಳ ಕೈಯಿಂದ ಹೊರಗೆ ಹೋಗುವಾಗ ಒಂದು ಸುಕ್ಕಿರುತ್ತಿರಲಿಲ್ಲ. ತಪ್ಪಿದ ತಾಳ ಕತ್ತರಿಸುತ್ತಿದ್ದಳು, ಜಾರಿದ ಸ್ವರ ಎತ್ತಿ ಕೂರಿಸುತ್ತಿದ್ದಳು. ಬಾರದವನ ಬದಲು ಬರುವವನನ್ನು ಕರೆಸುವುದೂ ಇತ್ತು; ಅದು ಕೋಣೆಯ ಹೊರಗೆ ಹೋಗುತ್ತಿರಲಿಲ್ಲ. ಬೆನ್ನ ಹಿಂದೆ ಜನ ಅವಳನ್ನು ಇಸ್ತ್ರಿ ಅಕ್ಕ ಎಂದರು. ಕೇಳಿಸಿದರೆ ನಗುತ್ತಿದ್ದಳು. ಸೋಪಿನ ಪುಡಿಯ ಜಾಹೀರಾತಿನ ಹಾಡಿಗೆ ಬಹುಮಾನ ಬಂದಾಗ ಕಡ್ಡಿ ಫೋನ್ ಮಾಡಿ, “ಮನೆ ಮಾಲೀಕನನ್ನ ಬೈತಿದ್ದವಳು ಈಗ ಅವನ ಬಟ್ಟೆ ಒಗೀತಿದೀಯ,” ಎಂದ. ಅದಕ್ಕೂ ನಕ್ಕಳು, ಆದರೆ ಫೋನ್ ಇಟ್ಟ ಮೇಲೆ ಬಹಳ ಹೊತ್ತು ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಮದುವೆಯಾಗಲಿಲ್ಲ. ಎಡಗಿವಿಯಲ್ಲಿ ಸದಾ ಕುಕ್ಕರ್ ಕೂಗಿದಂಥ ಸದ್ದು ನೆಲೆಯೂರಿತು.

ತಮ್ಮ ಸಾರ್ವಜನಿಕ ಈಜುಕೊಳದಲ್ಲಿ ಮೇಲ್ವಿಚಾರಕನಾದ. ಸೀಟಿ ಊದುವುದು, ನೀರಿಗೆ ಔಷಧಿ ಹಾಕುವುದು, ಓಡಬೇಡಿ ಓಡಬೇಡಿ ಎಂದು ಮಕ್ಕಳನ್ನು ಗದರುವುದು. ಮದುವೆಯಾಗಿ, ಮೂರನೇ ಮಹಡಿಯ ಮನೆಯೊಂದರಲ್ಲಿ ಹೆಂಡತಿಯ ಜೊತೆ, ಅಮ್ಮನನ್ನೂ ಇಟ್ಟುಕೊಂಡಿದ್ದ. ಒಂದು ಕಾಲದಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆ ಎಂದು ಕೊಳದ ಕಡೆ ಯಾರಿಗೂ ಹೇಳಿರಲಿಲ್ಲ. ಎಂಥ ವಿನಯ ಇವನದು ಎಂದು ಅಕ್ಕ ಅಂದುಕೊಳ್ಳುತ್ತಿದ್ದಳು. ಅಮ್ಮನಿಗೆ ಮಾತ್ರ ಆ ವಿನಯ ಇರಲಿಲ್ಲ. ‘ಮೊಳೆ’ಯ ಹೊದಿಕೆಗೆ ಕಟ್ಟು ಹಾಕಿಸಿ ಟೀವಿಯ ಮೇಲೆ ನೇತುಹಾಕಿದ್ದಳು. ಗ್ಯಾಸ್ ತಂದವನಿಗೂ, “ಇದರಲ್ಲಿ ಬಾರಿಸಿರೋನು ನನ್ನ ಮಗ,” ಎಂದು ತೋರಿಸುತ್ತಿದ್ದಳು. ಮಗಳೂ ಇದ್ದಾಳಲ್ಲ ಎಂದು ಯಾರಾದರೂ ಕೇಳಿದರೆ, “ಹೂಂ, ಅವಳೂ ಇದಾಳೆ.”

ಹೀಗೆ ಮೂವತ್ತೊಂದು ವರ್ಷ ಕಳೆಯಿತು.

ಕಂಪನಿಯ ಹಳೆಯವರೆಲ್ಲ ಹೋಗಿ ಹೊಸಬರು ಬಂದಿದ್ದರು. ಅವರಿಗೆ ‘ಮೊಳೆ’ಯನ್ನು ಹೊಸದಾಗಿ ತರುವ ಮನಸ್ಸಾಯಿತು. ಅದರ ಜೊತೆಗೆ ಒಂದು ಸಣ್ಣ ಚಿತ್ರ: ಬ್ಯಾಂಡಿನ ಒಬ್ಬೊಬ್ಬರನ್ನೂ ಕೂರಿಸಿ, ಅವರವರು ನುಡಿಸಿದ್ದನ್ನು ಮಾತ್ರ ಬಿಡಿಸಿ ಕೇಳಿಸಿ, ಅವರ ಮುಖ ತೆಗೆಯುವುದು. ಕಂಪನಿಯ ಹೆಂಗಸೊಬ್ಬಳು ಮೂಲ ಟೇಪಿನ ಡಬ್ಬಿಗಳನ್ನು ಅಕ್ಕನ ಸ್ಟುಡಿಯೋಗೆ ತಂದಳು. ಚುರುಕಾದವಳು, ಹಳೆಯ ಹಾಡೆಂದರೆ ಪ್ರಾಣ. ಇಬ್ಬರೂ ಕೂತು ಡ್ರಮ್ಸ್ ಒಂದನ್ನೇ ಹಾಕಿ ಕೇಳಿದರು. ಮೂರನೇ ಹಾಡಿಗೆ ಮೊದಲು, ಯಾರೂ ಕತ್ತರಿಸದೆ ಬಿಟ್ಟಿದ್ದ ಜಾಗದಲ್ಲಿ, ಒಂದು ದನಿ ಸ್ಪಷ್ಟವಾಗಿ ಕೇಳಿತು: “ಆಯ್ತಮ್ಮ, ನೀವು ಹೇಳಿದ್ರೆ ಶುರು.”

ಹೆಂಗಸು ನಕ್ಕಳು. “ಎಷ್ಟು ಮರ್ಯಾದೆ! ನಿಮ್ಮ ತಮ್ಮ ನಿಮ್ಮನ್ನ ಹೀಗಾ ಮಾತಾಡಿಸ್ತಿದ್ದದ್ದು?”

“ಅದು ಟೇಪಜ್ಜ,” ಎಂದಳು ಅಕ್ಕ. ನಾಲಿಗೆ ತಾನಾಗಿ ಹೊರಳಿತ್ತು. ಇಷ್ಟು ವರ್ಷದ ಅಭ್ಯಾಸ.

“ಡ್ರಮ್ಸಿನ ಮೈಕಿನಲ್ಲಾ?”

ಅಕ್ಕ ಟೇಪನ್ನು ಮುಂದಕ್ಕೆ ಓಡಿಸಿದಳು. ಹೆಂಗಸು ಮುಖ ನೋಡಿದಳು, ಕೆದಕಲಿಲ್ಲ. “ಶುಕ್ರವಾರ ನಿಮ್ಮ ತಮ್ಮನನ್ನ ಕರೆಸಿದೀವಿ. ಇದನ್ನ ಕೇಳಿಸಿ ಮುಖ ತೆಗೀಬೇಕು,” ಎಂದಷ್ಟೇ ಹೇಳಿ ಹೋದಳು.

ಗುರುವಾರ ಮಧ್ಯಾಹ್ನ ಅಕ್ಕ ಈಜುಕೊಳಕ್ಕೆ ಹೋದಳು. ವಾರಕ್ಕೊಮ್ಮೆ ನೀರು ಶುಚಿ ಮಾಡುವ ದಿನ, ಜನ ಇರಲಿಲ್ಲ. ತಮ್ಮ ಪ್ಯಾಂಟು ಮೊಣಕಾಲಿಗೆ ಮಡಚಿ, ಉದ್ದ ಕೋಲಿನ ಬಲೆಯಿಂದ ಎಲೆ ತೆಗೆಯುತ್ತಿದ್ದ. ಎಡಗೈಯಲ್ಲೇ ತೆಗೆಯುತ್ತಿದ್ದ. ಕಣ್ಣಿಗೆ ಔಷಧಿಯ ಘಾಟು ಹೊಡೆಯುತ್ತಿತ್ತು.

“ಏನೇ ಇದು, ಬಿಸಿಲು ನೋಡಿದವಳೇ ಅಲ್ಲ ನೀನು,” ಎಂದ ಅವನು, ಖುಷಿಯಾಗಿಯೇ.

ಅಕ್ಕ ಹೆಂಚಿನ ಕಟ್ಟೆಯ ಮೇಲೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕಲಸಿಹೋಗಿ, ಕೊನೆಗೆ ಬರಿದಾಗಿ ಬಂತು. “‘ಮೊಳೆ’ಯಲ್ಲಿ ಇರೋದು ನೀನಲ್ಲ ಕಣೋ. ನೀನು ಪಾಳಿಗೆ ಹೋದ ಮೇಲೆ ಬೇರೆಯವನು ಬಾರಿಸಿದ್ದು. ನಾನೇ ಮಾಡಿಸಿದ್ದು.”

ಬಲೆ ಒಂದು ಕ್ಷಣ ನಿಂತು, ಮತ್ತೆ ನೀರ ಮೇಲೆ ಹೊರಟಿತು.

“ಗೊತ್ತು,” ಎಂದ ತಮ್ಮ.

“ಗೊತ್ತಾ? ಯಾರು ಹೇಳಿದ್ರು?”

“ಯಾರು ಹೇಳ್ಬೇಕೇ? ಎರಡನೇ ಹಾಡಲ್ಲಿ ಅವನು ಎಡಗೈ ಮುಂದೆ ಮಾಡಿ ಹೊಡೀತಾನೆ. ನನಗೆ ಆಗ ಎಡಗೈ ಮುಂದೆ ಬರ್ತಾನೇ ಇರಲಿಲ್ಲ. ನನ್ನ ಕೈ ನನಗೆ ಗೊತ್ತಾಗಲ್ವಾ?”

ಅಕ್ಕನಿಗೆ ಹಾಲು ತರಲು ಎದ್ದುಹೋದ ಆ ಭಾನುವಾರ ನೆನಪಾಯಿತು. “ಮತ್ತೆ ಒಂದು ಮಾತು ಕೇಳಲಿಲ್ಲ ನೀನು.”

“ನೀನು ಹೇಳ್ತೀಯ ಅಂತ ಸುಮ್ಮನಿದ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ. ಮೊದಲ ವರ್ಷ ದಿನಾ ಅಂದ್ಕೋತಿದ್ದೆ. ಆಮೇಲೆ ನನ್ನ ಮದುವೆ ದಿನ ಹೇಳ್ತೀಯ ಅಂದ್ಕೊಂಡೆ. ಯಾಕೋ ಆವತ್ತು ನೀನು ನನ್ನ ಪಕ್ಕ ಬಂದು ನಿಂತೆ, ಬಾಯಿ ತೆರೆದೆ. ಕಡೆಗೆ, ಶೂ ಲೇಸ್ ಬಿಚ್ಚಿದೆ ನೋಡ್ಕೋ ಅಂದೆ.” ಅವನು ಬಲೆ ಕೊಡವಿದ. “ಅವನ ಥರ ಬಾರಿಸೋದು ಕಲಿತೆನಲ್ಲ, ಅದಾದ್ರೂ ಕಣ್ಣಿಗೆ ಬೀಳ್ಲಿಲ್ವಾ ನಿನಗೆ? ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಒಂದೊಂದು ಏಟೂ ರೆಕಾರ್ಡ್ ಕೇಳಿ ಕೇಳಿ ಕಲಿತೆ. ಅವನ ಕೈ ಬೇರೆ, ನನ್ನ ಕೈ ಬೇರೆ. ಕೈ ಹೋಯ್ತು.”

ಆ ಹಿಡಿತ ಕಂಡು ತಾನು ಹಿಗ್ಗಿದ್ದು ನೆನೆದು ಅಕ್ಕನ ಮೈ ಹಿಡಿಯಾಯಿತು. ಅವನ ಕೈ ಹಿಡಿಯೋಣವೆಂದು ಎದ್ದಳು. ಅವನು ಬಲೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡ, ಅಷ್ಟೇ.

“ನಾನು ಬಾರಿಸಿದ್ದು ಇದ್ಯಾ?” ಎಂದ. ದನಿ ಬೇರೆಯೇ ಆಗಿತ್ತು, ಹಳೆಯ ತಮ್ಮನ ದನಿ. “ಕೆಟ್ಟದಾಗೇ ಇರಲಿ. ಒಂದ್ಸಲ ಕೇಳ್ಬೇಕು. ಆ ವಯಸ್ಸಲ್ಲಿ ಹೇಗೆ ಬಾರಿಸ್ತಿದ್ದೆ ಅಂತ ನನಗೇ ಮರೆತುಹೋಗಿದೆ.”

“ಇಲ್ಲ,” ಎಂದಳು ಅಕ್ಕ. “ಬೇರೆ ಟೇಪ್ ಇರಲಿಲ್ಲ. ಅದರ ಮೇಲೇನೇ…”

“ಓ,” ಎಂದ ಅವನು. ಮೂಲೆಯಲ್ಲಿ ಸಿಕ್ಕಿಕೊಂಡ ಎಲೆಯೊಂದನ್ನು ಬಹಳ ಹೊತ್ತು ಬಿಡಿಸಿದ. ಆಮೇಲೆ ಹೇಳಿದ, “ಸರಿ. ಹೊಸ ರೆಕಾರ್ಡಲ್ಲಿ ನನ್ನ ಹೆಸರು ಬೇಡ. ತೆಗೆಸು.”

“ನಿಜ ಏನು ಅಂತ ನಾನೇ ಎಲ್ಲರಿಗೂ ಹೇಳ್ತೀನಿ ಕಣೋ. ಬರೆದು ಕೊಡ್ತೀನಿ.”

“ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ನನ್ನ ಮಾನ ಕಳೀಬೇಡ. ಬಾರಿಸೋಕೆ ಬರಲ್ಲ ಅಂತ ಆಚೆ ಹಾಕಿಸಿದ್ಲು ಅಂತ ಊರೆಲ್ಲ ಆಡ್ಕೊಳ್ಳೋದು ಬೇಡ. ಸುಳ್ಳಿಗೆ ನನ್ನ ಹೆಸರು ಬೇಡ, ನಿಜಕ್ಕೂ ಬೇಡ. ನಾಳೆ ಅವರ ಹತ್ರಾನೂ ಬರಲ್ಲ ನಾನು.”

“ಅಮ್ಮ ಕೇಳಿದ್ರೆ?”

“ಅಮ್ಮಂಗೆ ನಾನು ಹೇಳಲ್ಲ. ನೀನೂ ಹೇಳ್ಬೇಡ. ಈ ವಯಸ್ಸಲ್ಲಿ ಅವಳಿಗೆ ಉಳಿದಿರೋದು ಅದೊಂದೇ.”

“ಹಾಗಾದ್ರೆ ನಾನು ಏನು ಹೇಳ್ಲಿ?”

“ನಿಭಾಯಿಸು,” ಎಂದ ತಮ್ಮ. “ಮೂವತ್ತೊಂದು ವರ್ಷ ನಿಭಾಯಿಸಿದೀಯಲ್ಲ.”

ಅಕ್ಕ ಆ ಹೋಟೆಲಿಗೂ ಹೋಗಿಬಂದಳು. ಬಾರಿಸಿದವನ ಹೆಸರನ್ನಾದರೂ ಹಾಕಿಸೋಣವೆಂಬ ಆಸೆ. ಹೋಟೆಲಿದ್ದ ಕಡೆ ಈಗ ವಿಮಾ ಕಚೇರಿ. ಊಟದ ಹಾಲು ಇದ್ದಲ್ಲಿ ಸಾಲುಸಾಲು ಮೇಜು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಜನ. ಕಾವಲುಗಾರ ಕುರ್ಚಿ ಬಿಟ್ಟು ಏಳದೆಯೇ, “ಡ್ರಮ್ಮರಾ? ಇಲ್ಲಿಯಾ?” ಎಂದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಟೇಪಜ್ಜ ಸತ್ತು ಎಷ್ಟೋ ವರ್ಷವಾಗಿತ್ತು. ಆ ಬೆಳಿಗ್ಗೆ ಅವಳು ಆ ಮನುಷ್ಯನ ಹೆಸರು ಕೇಳಿರಲೇ ಇಲ್ಲ. ಕೇಳಬೇಕೆಂದು ತೋಚಿಯೂ ಇರಲಿಲ್ಲ.

ಕಂಪನಿಯ ಹೆಂಗಸಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೆಂಗಸು ಕಣ್ಣು ತುಂಬಿಕೊಂಡಳು. ಅವಳ ಮೇಲಿನವರು ಕಣ್ಣು ತುಂಬಿಕೊಳ್ಳಲಿಲ್ಲ. ಡ್ರಮ್ಸಿನ ವಿಷಯವೇ ಎತ್ತುವುದು ಬೇಡ, ಚಿತ್ರವೂ ಬೇಡ, ಹೊದಿಕೆಯಲ್ಲಿ ಮೂವರ ಹೆಸರಿದ್ದರೆ ಸಾಕು ಎಂದು ತೀರ್ಮಾನಿಸಿದರು. ‘ಮೊಳೆ’ ಹಾಗೆಯೇ ಹೊರಬಂತು.

ವಾರದೊಳಗೆ ಗೊಗ್ಗರ ಒಂದು ಸಂದರ್ಶನದಲ್ಲಿ ಬಾಯಿಗೆ ಬಂದದ್ದು ಆಡಿದ. “ಅವಳದು ಮೊದಲಿಂದಲೂ ಹೊಟ್ಟೆಕಿಚ್ಚು. ನನ್ನನ್ನ ತುಳಿಯೋಕೆ ನೋಡಿದ್ಲು, ಆಗಲಿಲ್ಲ. ಈಗ ಒಡಹುಟ್ಟಿದವನ ಹೆಸರಿಗೇ ಕತ್ತರಿ ಹಾಕಿದಾಳೆ. ಇಸ್ತ್ರಿ ಅಕ್ಕ ಅಂತ ಸುಮ್ಮನೆ ಅಂತಾರಾ?” ಹಳೆಯ ಅಭಿಮಾನಿಗಳು ಅವಳ ಸ್ಟುಡಿಯೋದ ಬಾಗಿಲಿಗೆ ಬಣ್ಣದಲ್ಲಿ ತಮ್ಮನ ಹೆಸರು ಬರೆದು ಹೋದರು. ಅಕ್ಕ ಬಟ್ಟೆ ತೋಯಿಸಿ ತಾನೇ ಉಜ್ಜಿದಳು, ಪೂರ್ತಿ ಹೋಗಲಿಲ್ಲ. ಕಡ್ಡಿ ಫೋನ್ ಮಾಡಿ, “ನಾನು ಬೇಕಾದ್ರೆ ಹೇಳ್ತೀನಿ. ಆವತ್ತೇ ನನಗೆ ಗೊತ್ತಾಗಿತ್ತು,” ಎಂದ.

“ನಿನಗೂ ಗೊತ್ತಿತ್ತಾ?” ಎಂದಳು ಅಕ್ಕ. “ಯಾರೂ ಏನೂ ಹೇಳ್ಬೇಡಿ. ಬಿಡು.”

ಕಡ್ಡಿಯೇ ಹೊಸ ರೆಕಾರ್ಡಿನ ಒಂದು ಪ್ರತಿಯನ್ನು ಅಮ್ಮನಿಗೆ ಕೊಟ್ಟು ಬಂದವನು. ಪಾಪ, ಮುದುಕಿಗೆ ಖುಷಿಯಾಗಲಿ ಎಂದು; ಅವಳು ಹಿಂಬದಿಯ ಸಣ್ಣಕ್ಷರವನ್ನೂ ಓದಿಯಾಳೆಂದು ಅವನಿಗೆ ಹೊಳೆಯಲಿಲ್ಲ. ಅಮ್ಮ ಭೂತಗನ್ನಡಿ ಹಿಡಿದು ಹೊದಿಕೆಯ ಹಿಂದುಮುಂದು ಓದಿದಳು. ಮತ್ತೆ ಓದಿದಳು. ಅಕ್ಕನಿಗೆ ಫೋನ್ ಮಾಡಿದಾಗ ಅವಳ ಉಸಿರು ಏರಿಳಿಯುತ್ತಿತ್ತು.

“ನನ್ನ ಮಗನ ಹೆಸರೆಲ್ಲೇ?”

“ಈ ಸಲ ಹಾಕಿಲ್ಲಮ್ಮ.”

“ಅವರು ಮರೆತ್ರಾ?”

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಆದರೆ ಹೂಂ ಎಂದರೆ ಅಮ್ಮ ಕಂಪನಿಗೆ ಫೋನ್ ಮಾಡಿಸುತ್ತಾಳೆ, ಅವರು ಒಂದಕ್ಕೆರಡು ಹೇಳುತ್ತಾರೆ, ಮುಚ್ಚಿಟ್ಟದ್ದೆಲ್ಲ ಬೀದಿಗೆ ಬೀಳುತ್ತದೆ. ಅಕ್ಕ ಕಣ್ಣು ಮುಚ್ಚಿಕೊಂಡಳು. “ಮರೆತಿಲ್ಲ. ತೆಗೆಸಿದ್ದು ನಾನೇ.”

“ಯಾಕೆ?”

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

“ಅವನ ಕೈ ಹೋಯ್ತು, ಹೆಸರೊಂದು ಉಳಿದಿತ್ತು,” ಎಂದಳು ಅಮ್ಮ. “ಅದೂ ನಿನ್ನ ಕಣ್ಣು ಕುಕ್ತಿತ್ತಾ?” ಫೋನ್ ಕಟ್ಟಾಯಿತು.

ಮೂರು ಭಾನುವಾರ ಅಕ್ಕ ಆ ಕಡೆ ತಲೆಹಾಕಲಿಲ್ಲ. ನಾಲ್ಕನೆಯದಕ್ಕೆ ತಡೆಯಲಾರದೆ ಹೋದಳು. ಎರಡನೇ ಮಹಡಿಯಲ್ಲಿ ನಿಂತು ಸುಧಾರಿಸಿಕೊಂಡು, ಮೂರನೆಯದಕ್ಕೆ ಹತ್ತಿ ಗಂಟೆ ಒತ್ತಿದಳು. ಒಳಗಿನಿಂದ ಅಮ್ಮ ಊರುಗೋಲು ಕುಟ್ಟುತ್ತ ಬರುವುದು ಕೇಳಿಸಿತು. ಬಾಗಿಲು ತೆರೆಯಿತು. ಅಮ್ಮ ಮಗಳ ಮುಖವನ್ನು, ಪರಿಚಯ ಸಿಕ್ಕಿತೋ ಇಲ್ಲವೋ ಎಂಬಂತೆ, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಬನ್ನಿ,” ಎಂದಳು. “ಕೂತ್ಕೊಳ್ಳಿ.”

ಅಕ್ಕನ ಕಾಲು ಹೊಸ್ತಿಲಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವಳನ್ನು ಬಾರೇ ಹೋಗೇ ಎಂದೇ ಕರೆದ ಬಾಯಿ ಅದು. ಕೋಪ ಬಂದರೆ ಮುಂಡೇದೇ ಎಂದದ್ದೂ ಉಂಟು, ಜ್ವರ ಬಂದರೆ ಪುಟ್ಟಾ ಎಂದದ್ದೂ ಉಂಟು. ಹೊರಗಿನವರಿಗೆ ಕೊಡುವ ಆ ಮರ್ಯಾದೆಯನ್ನು ಅಮ್ಮ ಅವಳಿಗೆ ಒಂದು ದಿನವೂ ಕೊಟ್ಟಿರಲಿಲ್ಲ.

“ಅಮ್ಮಾ,” ಎಂದಳು ಅಕ್ಕ.

“ಒಳಗೆ ಬನ್ನಿ. ಗಾಳಿ ಬರುತ್ತೆ, ಬಾಗಿಲು ಹಾಕ್ಬೇಕು.”

ಅಕ್ಕ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತಳು. ಅಡುಗೆಮನೆಯ ಬಾಗಿಲಲ್ಲಿ ತಮ್ಮ ಭುಜಕ್ಕೆ ಟವೆಲ್ ಹಾಕಿಕೊಂಡು ನಿಂತಿದ್ದ. ಅವನಿಗೆ ಎಲ್ಲವೂ ಕೇಳಿಸಿತ್ತು. ಅಕ್ಕ ಅವನನ್ನು ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ಅವನು ಆಡಿದರೆ ಸಾಕಿತ್ತು. ಅವನ ತುಟಿ ಅಲುಗಿತೇನೋ ಎನ್ನಿಸಿತು. ಆಮೇಲೆ ಅವನು ತಲೆ ತಗ್ಗಿಸಿ, ಒದ್ದೆಯಿಲ್ಲದ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳತೊಡಗಿದ.

“ಅವರಿಗೆ ಒಂದು ಟೀ ಕೊಡಪ್ಪ,” ಎಂದಳು ಅಮ್ಮ.

ಅವನು ಬಂದವರಿಗೆಂದು ಎತ್ತಿಟ್ಟಿದ್ದ ಕಪ್ಪು-ಬಸಿಯಲ್ಲಿ ಟೀ ತಂದುಕೊಟ್ಟು, ಬಂದ ಹಾಗೆಯೇ ಒಳಗೆ ಹೋದ. ಅಕ್ಕ ಕಪ್ಪು ತುಟಿಗಿಟ್ಟಳು. ಎದುರಿಗೆ ಅಮ್ಮ ಸೆರಗು ಸರಿಮಾಡಿಕೊಂಡು, ಬಂದವರ ಎದುರು ಕೂರುವ ಹಾಗೆ ನೆಟ್ಟಗೆ ಕೂತಿದ್ದಳು.

“ಸಕ್ಕರೆ ಸಾಕಾ ನೋಡಿ,” ಎಂದಳು.

“ಸಾಕು,” ಎಂದಳು ಅಕ್ಕ.